ಕಥೆಯ ಪಕ್ಕದಲ್ಲಿ ಹೇಳುವವರ ಮುಖ: ಎಲ್ಸ್‌ಮಿಯರ್ ಹಸ್ತಪ್ರತಿಯನ್ನು ನೋಡುತ್ತಾ

ಜೆಫ್ರಿ ಚಾಸರ್ 1400ರಲ್ಲಿ ತೀರಿಕೊಂಡಾಗ ಅವನ ‘ಕ್ಯಾಂಟರ್‌ಬರಿ ಕಥೆಗಳು’ ಇನ್ನೂ ಪುಸ್ತಕದ ರೂಪಕ್ಕೆ ಬಂದಿರಲಿಲ್ಲ. ಲಂಡನ್ನಿಗೆ ಹೊಂದಿಕೊಂಡ ಸದಕ್‌ನ ಟ್ಯಾಬರ್ಡ್ ಎಂಬ ತಂಗುಮನೆಯಲ್ಲಿ ಕೂಡಿದ ಮೂವತ್ತರಷ್ಟು ಯಾತ್ರಿಕರು, ಸಂತ ಥಾಮಸ್ ಬೆಕೆಟ್‌ನ ಸನ್ನಿಧಿಯಿದ್ದ ಕ್ಯಾಂಟರ್‌ಬರಿಗೆ ಕುದುರೆಯೇರಿ ಹೊರಟು, ದಾರಿ ಸವೆಸಲು ಸರದಿಯ ಮೇಲೆ ಕಥೆ ಹೇಳುತ್ತಾರೆ ಎಂಬ ಚೌಕಟ್ಟನ್ನು ಕವಿ ಹಾಕಿಕೊಂಡಿದ್ದ. ಅದರೊಳಗೆ ಕೆಲವು ಕಥೆಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು, ಕೆಲವು ಬಿಡಿಯಾಗಿಯೇ ಇದ್ದವು, ಒಂದೆರಡು ಅರ್ಧಕ್ಕೇ ನಿಂತಿದ್ದವು. ಅವನ ಸ್ವಹಸ್ತದ ಪ್ರತಿ ಉಳಿದಿಲ್ಲ. ಬೇರೆಯವರು ನಕಲು ಮಾಡಿದ ಹಸ್ತಪ್ರತಿಗಳು, ಬಿಡಿ ತುಣುಕುಗಳನ್ನೂ ಸೇರಿಸಿದರೆ, 80ಕ್ಕೂ ಹೆಚ್ಚು ನಮಗೆ ದೊರೆತಿವೆ. ಈ ಬರಹದಲ್ಲಿ ನಾನು ಮುಖ್ಯವಾಗಿ ನೋಡಬಯಸುವುದು ಅವುಗಳಲ್ಲಿ ಎರಡನ್ನು.

ಒಂದು ಹೆಂಗೂರ್ಟ್ ಹಸ್ತಪ್ರತಿ, ಈಗ ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿರುವ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಇನ್ನೊಂದು ಎಲ್ಸ್‌ಮಿಯರ್ ಹಸ್ತಪ್ರತಿ, 1917ರಲ್ಲಿ ಅಮೆರಿಕದ ಹೆನ್ರಿ ಹಂಟಿಂಗ್ಟನ್ ಕೊಂಡ ಗ್ರಂಥಸಂಗ್ರಹದೊಂದಿಗೆ ಅಟ್ಲಾಂಟಿಕ್ ದಾಟಿ ಕ್ಯಾಲಿಫೋರ್ನಿಯಾದ ಸ್ಯಾನ್ ಮರೀನೊದಲ್ಲಿರುವ ಅವನ ಹೆಸರಿನ ಗ್ರಂಥಾಲಯ ಸೇರಿತು. ಎರಡೂ ಚಾಸರ್ ತೀರಿಕೊಂಡ ಆಸುಪಾಸಿನ ವರ್ಷಗಳಲ್ಲಿ ತೊಗಲಿನ ಹಾಳೆಗಳ ಮೇಲೆ ಬರೆದವು, ಮತ್ತು ಎರಡನ್ನೂ ಬರೆದದ್ದು ಒಬ್ಬನೇ ಲಿಪಿಕಾರ ಎಂಬುದನ್ನು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಆ ಲಿಪಿಕಾರ ಆಡಮ್ ಪಿಂಕ್‌ಹರ್ಸ್ಟ್ ಎಂಬವನು ಎಂದು 2004ರಲ್ಲಿ ಘೋಷಣೆಯಾಯಿತು. ಆ ಗುರುತಿನ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಹೆಸರು ಯಾವುದೇ ಇರಲಿ, ಒಂದೇ ಕೈ ಒಂದೇ ಕಾವ್ಯವನ್ನು ಎರಡು ಸಲ ಬರೆಯಿತು, ಎರಡು ಸಲವೂ ಬೇರೆ ಪುಸ್ತಕ ಹುಟ್ಟಿತು. ಹೆಂಗೂರ್ಟ್ ಚಿಕ್ಕದು, ಮೊದಲ ಪುಟದ ಅಂಚಿನ ಬಳ್ಳಿಯನ್ನೂ ಬಣ್ಣದ ದೊಡ್ಡಕ್ಷರಗಳನ್ನೂ ಬಿಟ್ಟರೆ ಅದರಲ್ಲಿ ಅಲಂಕಾರ ಕಡಿಮೆ, ಚಿತ್ರಗಳಿಲ್ಲ, ಹಾಳೆಗಳ ಮೂಲೆಗಳನ್ನು ಇಲಿಗಳು ತಿಂದಿವೆ. ಎಲ್ಸ್‌ಮಿಯರ್ ಪುಟದ ಎತ್ತರ ಸುಮಾರು 40 ಸೆಂಟಿಮೀಟರ್. ಚಿನ್ನದ ಲೇಪದ ದೊಡ್ಡಕ್ಷರಗಳಿಂದ ಹೊರಟ ಎಲೆಬಳ್ಳಿಗಳು 70ಕ್ಕೂ ಹೆಚ್ಚು ಪುಟಗಳ ಅಂಚುಗಳಲ್ಲಿ ಹಬ್ಬಿವೆ, ಮತ್ತು ಆ ಅಂಚುಗಳಲ್ಲೇ 23 ಮಂದಿ ಯಾತ್ರಿಕರು ಕುದುರೆಗಳ ಮೇಲೆ ಕುಳಿತಿದ್ದಾರೆ. ಎರಡೂ ಗ್ರಂಥಾಲಯಗಳು ತಮ್ಮ ಪ್ರತಿಯ ಪುಟಗಳನ್ನು ಅಂತರಜಾಲದಲ್ಲಿ ತೆರೆದಿಟ್ಟಿರುವುದರಿಂದ ಇವುಗಳನ್ನು ಅಕ್ಕಪಕ್ಕ ಇಟ್ಟು ಓದುವ ಭಾಗ್ಯ ಈಗ ಎಲ್ಲರಿಗೂ ಇದೆ. ಹಾಗೆ ಓದಿದಷ್ಟೂ ನನಗೆ ಗಟ್ಟಿಯಾದ ನಂಬಿಕೆ ಇದು: ‘ಕ್ಯಾಂಟರ್‌ಬರಿ ಕಥೆಗಳು’ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಕೃತಿಯನ್ನು ಚಾಸರ್ ಒಬ್ಬನೇ ಕಟ್ಟಲಿಲ್ಲ, ಎಲ್ಸ್‌ಮಿಯರ್‌ನ ಪುಟವನ್ನು ವಿನ್ಯಾಸ ಮಾಡಿದವರೂ ಕಟ್ಟಿದರು.

ಆ ವಿನ್ಯಾಸಕಾರರು ಮಾಡಿದ ದೊಡ್ಡ ನಿರ್ಧಾರ, ಏನನ್ನು ಚಿತ್ರಿಸಬಾರದು ಎಂಬುದು. ಈ ಕಥೆಗಳಲ್ಲಿ ಚಿತ್ರಕಾರನಿಗೆ ಬೇಕಾದದ್ದೆಲ್ಲ ಇದೆ. ಅಖಾಡದಲ್ಲಿ ಒಬ್ಬಳಿಗಾಗಿ ಕಾದಾಡುವ ಇಬ್ಬರು ಯೋಧರು, ಮಾತಾಡುವ ಹುಂಜ, ಮರದ ಬುಡದಲ್ಲಿ ಚಿನ್ನದ ನಾಣ್ಯಗಳ ರಾಶಿ ಕಂಡು ಒಬ್ಬರನ್ನೊಬ್ಬರು ಕೊಂದುಕೊಳ್ಳುವ ಮೂವರು ಪುಂಡರು. ಎಲ್ಸ್‌ಮಿಯರ್‌ನಲ್ಲಿ ಇವರಾರ ಚಿತ್ರವೂ ಇಲ್ಲ. ಬಣ್ಣ, ಚಿನ್ನ ಎಲ್ಲವೂ ಕಥೆ ಹೇಳುವವರ ಪಾಲಿಗೆ ಹೋಗಿವೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ, ಆ ಚಿತ್ರಗಳು ನಿಂತ ಸ್ಥಳ. ಯಾತ್ರಿಕರ ಪರಿಚಯವೆಲ್ಲ ಕಾವ್ಯದ ಪೀಠಿಕೆಯಲ್ಲಿ ಬರುತ್ತದೆ. ಅವರ ಉಡುಪು, ಹಲ್ಲು, ಗಡ್ಡ, ಸಾಲ, ಹುಣ್ಣು ಎಲ್ಲವನ್ನೂ ಕವಿ ಅಲ್ಲಿ ಒಬ್ಬೊಬ್ಬರದಾಗಿ ಹೇಳುತ್ತಾನೆ. ಚಿತ್ರಗಳು ಅಲ್ಲಿಲ್ಲ. ಪ್ರತಿಯೊಂದು ಚಿತ್ರವೂ ಆ ಯಾತ್ರಿಕನ ಕಥೆ ಶುರುವಾಗುವ ಪುಟದಲ್ಲಿದೆ. ಹೀಗಾಗಿ ಪೀಠಿಕೆಯಲ್ಲಿ ಒಳ್ಳೆಯತನಕ್ಕೆ ಮಾದರಿಯಾಗಿ ಬರುವ ನೇಗಿಲಯೋಗಿಗೆ ಈ ಪುಸ್ತಕದಲ್ಲಿ ಮುಖವಿಲ್ಲ, ಏಕೆಂದರೆ ಅವನಿಗೆ ಕಥೆಯಿಲ್ಲ. ದಾರಿಯುದ್ದಕ್ಕೂ ಎಲ್ಲರನ್ನೂ ಮಾತಾಡಿಸುವ ತಂಗುಮನೆಯ ಯಜಮಾನನಿಗೂ ಮುಖವಿಲ್ಲ. ಪೀಠಿಕೆಯಲ್ಲಿ ಹೆಸರಿಗಷ್ಟೇ ಬಂದು ಹೋಗುವ, ಆದರೆ ಕಥೆ ಹೇಳುವ ಎರಡನೆಯ ಸನ್ಯಾಸಿನಿಗೆ ಮುಖವಿದೆ.

ಅಡುಗೆಯವನ ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಕೈಯಲ್ಲಿ ಮಾಂಸ ಎತ್ತುವ ಕೊಕ್ಕೆ ಇದೆ, ಮೊಳಕಾಲಿನ ಕೆಳಗೆ ಬಟ್ಟೆಯ ಪಟ್ಟಿ ಸುತ್ತಿದೆ. ಪೀಠಿಕೆಯಲ್ಲಿ ಚಾಸರ್ ಇವನ ಅಡುಗೆಯ ಕೈಚಳಕವನ್ನೆಲ್ಲ ಹೊಗಳಿ, ಮೊಳಕಾಲಿನ ಕೆಳಗೆ ಮಾಯದ ಹುಣ್ಣಿದ್ದದ್ದು ಬಹಳ ಬೇಸರದ ಸಂಗತಿ ಎಂದು ಹೇಳಿ, ಅದರ ಬೆನ್ನಿಗೇ ಇವನು ಮಾಡುವ ಬಿಳಿಯ ಪಾಯಸದಂಥ ಒಂದು ಭಕ್ಷ್ಯವನ್ನು ಹೊಗಳುತ್ತಾನೆ. ಸಾವಿರಾರು ಸಾಲು ಹಿಂದೆ ಓದಿ ಮರೆತಿರಬಹುದಾದ ಆ ಹುಣ್ಣನ್ನು ಚಿತ್ರಕಾರ ಸರಿಯಾಗಿ ಕಥೆಯ ಬಾಗಿಲಲ್ಲಿ ಮತ್ತೆ ಕಣ್ಣಿಗೆ ಹಾಕುತ್ತಾನೆ. ಗಿರಣಿಯವನ ಊದುವ ವಾದ್ಯ, ವೈದ್ಯನ ಕೈಯಲ್ಲಿ ಮೂತ್ರ ಪರೀಕ್ಷಿಸುವ ಗಾಜಿನ ಸೀಸೆ, ಮಠದ ಸನ್ಯಾಸಿಯ ಬೇಟೆನಾಯಿಗಳು, ಇವೂ ಹಾಗೆಯೇ. ಓದುಗ ಕಥೆಯ ಮೊದಲ ಸಾಲಿಗೆ ಬರುವ ಮುಂಚೆಯೇ ಹೇಳುವವನ ಗುಣಾವಗುಣಗಳ ನೆನಪು ಅವನನ್ನು ತಲುಪಿರುತ್ತದೆ, ಆಮೇಲೆ ಅವನು ಓದುವ ಕಥೆ ಆ ಮನುಷ್ಯನ ಬಾಯಿಂದ ಬಂದ ಮಾತಾಗಿಯೇ ಕೇಳಿಸುತ್ತದೆ. ‘ಪ್ರತಿ ಕಥೆಯೂ ಹೇಳುವವನ ಸ್ವಭಾವದ ಕನ್ನಡಿ’ ಎಂದು ಚಾಸರನನ್ನು ಪಾಠ ಮಾಡುವವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಕಾವ್ಯದಲ್ಲಿ ಅದಕ್ಕೆ ಆಧಾರ ಇಲ್ಲವೆಂದಲ್ಲ. ಆದರೆ ಹೆಂಗೂರ್ಟ್‌ನಂಥ ಚಿತ್ರವಿಲ್ಲದ ಪ್ರತಿಯಲ್ಲಿ ಅದು ಹಲವು ಓದುಗಳಲ್ಲಿ ಒಂದು. ಎಲ್ಸ್‌ಮಿಯರ್‌ನಲ್ಲಿ ಅದು ತಪ್ಪಿಸಿಕೊಳ್ಳಲಾಗದ ಓದು.

ಈ ಪುಟಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುವುದು ಬಾತ್ ಊರಿನ ಗೃಹಿಣಿ ಆಲಿಸನ್. ಅಂಚಿನಲ್ಲಿ ಅವಳು ಅಗಲವಾದ ಟೊಪ್ಪಿ ಧರಿಸಿ, ಚಾವಟಿ ಹಿಡಿದು, ಗಂಡಸರಂತೆ ಎರಡೂ ಕಡೆ ಕಾಲು ಹಾಕಿ ಕುದುರೆಯ ಮೇಲೆ ಕುಳಿತಿದ್ದಾಳೆ. ಐದು ಮದುವೆಯಾದವಳು. ಕಥೆಗಿಂತ ಉದ್ದವಾದ ತನ್ನ ಮುನ್ನುಡಿಯಲ್ಲಿ ಅವಳು ವಾದಿಸುವುದು, ಮದುವೆಯ ವಿಷಯದಲ್ಲಿ ಗ್ರಂಥಗಳು ಹೇಳುವುದಕ್ಕಿಂತ ತನ್ನ ಅನುಭವವೇ ತನಗೆ ಸಾಕಾದ ಪ್ರಮಾಣ ಎಂದು. ಆದರೆ ಅವಳ ವಾದದ ಸಾಮಗ್ರಿಯೆಲ್ಲ ಗ್ರಂಥಗಳಿಂದಲೇ ಬಂದದ್ದು. ಅದರಲ್ಲಿ ಬಹುಭಾಗ, ಕನ್ಯಾವ್ರತವನ್ನು ಎತ್ತಿಹಿಡಿದು ಮದುವೆಯನ್ನು ಕೀಳುಗಳೆದು ಸಂತ ಜೆರೋಮ್ ಜೊವಿನಿಯನ್ ಎಂಬವನ ವಿರುದ್ಧ ಬರೆದ ಲ್ಯಾಟಿನ್ ಗ್ರಂಥದ್ದು. ಅವಳು ಜೆರೋಮನ ಮಾತುಗಳನ್ನೇ ತಿರುಚಿ, ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟು, ತನ್ನ ಪರವಾಗಿ ನಿಲ್ಲಿಸಿಕೊಳ್ಳುತ್ತಾಳೆ.

ಎಲ್ಸ್‌ಮಿಯರ್‌ನ ಲಿಪಿಕಾರ ಏನು ಮಾಡಿದ್ದಾನೆಂದರೆ, ಅವಳ ಇಂಗ್ಲಿಷ್ ಸಾಲುಗಳ ಎದುರಿಗೇ ಅಂಚಿನಲ್ಲಿ ಜೆರೋಮನ ಮೂಲ ಲ್ಯಾಟಿನ್ ವಾಕ್ಯಗಳನ್ನು ಬರೆದಿಟ್ಟಿದ್ದಾನೆ. ಇವು ಆಮೇಲೆ ಯಾವನೋ ಓದುಗ ಮೂಲೆಯಲ್ಲಿ ಗೀಚಿದ ಟಿಪ್ಪಣಿಗಳಲ್ಲ. ಪುಟಕ್ಕೆ ಗೆರೆ ಹಾಕುವಾಗಲೇ ಇವಕ್ಕಾಗಿ ಜಾಗ ಬಿಟ್ಟಿದೆ. ಪಠ್ಯದ ಗಾತ್ರಕ್ಕೆ ಸರಿಸಮವಾದ ಅಕ್ಷರದಲ್ಲಿ ಇವನ್ನು ಬರೆದಿದೆ. ಪುಟವನ್ನು ದೂರದಿಂದ ನೋಡಿದರೆ ಎಡಕ್ಕೆ ಒಂದು ದನಿ, ಬಲಕ್ಕೆ ಇನ್ನೊಂದು ದನಿ. ಲ್ಯಾಟಿನ್ ಬಲ್ಲ ಓದುಗನಿಗೆ ಅವಳು ಎಲ್ಲಿ ವಾಕ್ಯವನ್ನು ಅರ್ಧಕ್ಕೆ ಕತ್ತರಿಸಿದಳು, ಎಲ್ಲಿ ಅರ್ಥವನ್ನು ಪಲ್ಲಟಗೊಳಿಸಿದಳು ಎಂಬುದು ಅದೇ ಕ್ಷಣಕ್ಕೆ ಕಾಣಿಸುತ್ತದೆ. ಈ ಟಿಪ್ಪಣಿಗಳನ್ನು ಚಾಸರನೇ ಬರೆದಿರಬಹುದೆಂದು ಕೆಲವು ವಿದ್ವಾಂಸರೂ ಲಿಪಿಕಾರರ ಸೇರ್ಪಡೆಯೆಂದು ಇನ್ನು ಕೆಲವರೂ ಹೇಳುತ್ತಾರೆ. ಯಾರೇ ಬರೆದಿರಲಿ, ಅವು ಪುಟದ ಮೇಲೆ ಮಾಡುವ ಕೆಲಸ ಎರಡು ಬಗೆಯದು. ಗ್ರಂಥಪ್ರಮಾಣ ಅವಳ ಬಾಯಿ ಮುಚ್ಚಿಸಲು ಬಂದು ನಿಂತಂತೆಯೂ ಓದಬಹುದು. ಇಷ್ಟು ದೊಡ್ಡ ಪಂಡಿತನನ್ನು ಎದುರು ಹಾಕಿಕೊಂಡು ಮಾತಾಡಬಲ್ಲವಳು ಎಂದು ಅವಳ ಮಾತಿಗೆ ತೂಕ ಕೊಟ್ಟಂತೆಯೂ ಓದಬಹುದು. ನನಗೆ ಎರಡನೆಯದೇ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಇಂಥ ಅಂಚುಟಿಪ್ಪಣಿಗಳ ಗೌರವ ಆ ಕಾಲದಲ್ಲಿ ಧರ್ಮಗ್ರಂಥಗಳಿಗೂ ಕಾನೂನಿನ ಗ್ರಂಥಗಳಿಗೂ ಸಲ್ಲುತ್ತಿದ್ದದ್ದು. ಇಲ್ಲಿ ಅದು ಬಟ್ಟೆ ನೇಯುವ ಹೆಂಗಸೊಬ್ಬಳ ಆಡುಮಾತಿಗೆ ಸಂದಿದೆ.

ಇದೇ ಮುನ್ನುಡಿಯ ಕೊನೆಯಲ್ಲಿ ಬರುವ ಪ್ರಸಂಗ ಈ ಪುಟವಿನ್ಯಾಸಕ್ಕೆ ಇನ್ನೂ ತೀಕ್ಷ್ಣವಾದ ಅರ್ಥ ಕೊಡುತ್ತದೆ. ಅವಳ ಐದನೆಯ ಗಂಡ ಜಾಂಕಿನ್ ಓದಿದವನು. ಕೆಟ್ಟ ಹೆಂಡತಿಯರ ಕಥೆಗಳನ್ನೆಲ್ಲ ಒಟ್ಟು ಕಟ್ಟಿದ ಒಂದು ಪುಸ್ತಕ ಅವನ ಬಳಿ ಇದೆ, ಪ್ರತಿ ರಾತ್ರಿ ಅದನ್ನು ಅವಳಿಗೆ ಓದಿ ಹೇಳುತ್ತಾನೆ. ಆ ಪುಸ್ತಕದಲ್ಲಿ ಜೆರೋಮನ ಅದೇ ಗ್ರಂಥವೂ ಇದೆಯೆಂದು ಅವಳೇ ಹೇಳುತ್ತಾಳೆ. ಒಂದು ರಾತ್ರಿ ತಾಳ್ಮೆಗೆಟ್ಟು ಅವಳು ಆ ಪುಸ್ತಕದಿಂದ ಮೂರು ಹಾಳೆಗಳನ್ನು ಹರಿದುಹಾಕುತ್ತಾಳೆ; ಅವನು ಹೊಡೆದ ಏಟಿಗೆ ಅವಳ ಒಂದು ಕಿವಿ ಕಿವುಡಾಗುತ್ತದೆ; ಕೊನೆಗೆ ಪುಸ್ತಕವೇ ಬೆಂಕಿಗೆ ಬೀಳುತ್ತದೆ. ಅಷ್ಟರಲ್ಲಿ ಅವಳು ಕೇಳುವ ಪ್ರಶ್ನೆ, ಸಿಂಹದ ಚಿತ್ರ ಬರೆದವರು ಯಾರು ಹೇಳಿ, ಎಂಬುದು. ಮನುಷ್ಯ ಸಿಂಹವನ್ನು ಕೊಲ್ಲುವ ಚಿತ್ರ ತೋರಿಸಿದಾಗ ಸಿಂಹವು ಇದನ್ನು ಬರೆದವನು ಮನುಷ್ಯನೋ ಸಿಂಹವೋ ಎಂದು ಕೇಳಿದ ಹಳೆಯ ನೀತಿಕಥೆಯ ನೆನಪು ಅದು. ಹೆಂಗಸರು ಕಥೆಗಳನ್ನು ಬರೆದಿದ್ದರೆ ಗಂಡಸರ ಕೆಟ್ಟತನ ಎಷ್ಟು ಪುಟ ತುಂಬುತ್ತಿತ್ತು ಎಂದು ಅವಳು ಮುಂದುವರಿಸುತ್ತಾಳೆ. ಎಲ್ಸ್‌ಮಿಯರ್‌ನಲ್ಲಿ ಈ ಮಾತುಗಳನ್ನು ಓದುವವನ ಕಣ್ಣಿಗೆ, ಗಂಡಸೊಬ್ಬ ಬರೆದ ಅವಳ ಚಿತ್ರವೂ ಅವಳು ಸುಟ್ಟ ಗ್ರಂಥದ ವಾಕ್ಯಗಳೂ ಅದೇ ಕಥೆಯ ಪುಟಗಳಲ್ಲಿ ಬೀಳುತ್ತವೆ. ಅವಳು ಹರಿದ ಹಾಳೆಗಳನ್ನು ಲಿಪಿಕಾರ ಮತ್ತೆ ಜೋಡಿಸಿ ಅವಳ ಪಕ್ಕದಲ್ಲೇ ಇಟ್ಟಂತಾಗಿದೆ.

ಅಕ್ಷರಗಳ ಜೋಡಣೆಯೇ ಅರ್ಥವಾಗುವುದನ್ನು ನೋಡಬೇಕಾದರೆ ‘ಸರ್ ಥೋಪಸ್’ ಕಥೆಗೆ ಬರಬೇಕು. ಕಾವ್ಯದೊಳಗೆ ಚಾಸರ್ ತಾನೂ ಒಬ್ಬ ಯಾತ್ರಿಕನಾಗಿ ಬಂದು ಹೇಳುವ ಕಥೆಯಿದು, ಉದ್ದೇಶಪೂರ್ವಕವಾಗಿ ಕೆಟ್ಟದಾಗಿ ಬರೆದ ವೀರಗಾಥೆ. ಅದರ ಪದ್ಯದಲ್ಲಿ ಎರಡು ಸಾಲುಗಳಿಗೆ ಒಂದು ಪ್ರಾಸ, ಮೂರನೆಯದಕ್ಕೆ ಬೇರೆ. ಮತ್ತೆ ಎರಡು, ಮತ್ತೆ ಒಂದು. ಲಿಪಿಕಾರ ಪ್ರಾಸದ ಜೋಡಿ ಸಾಲುಗಳನ್ನು ಎಡಕ್ಕೆ ಬರೆದು, ಅವನ್ನು ಗೆರೆಗಳಿಂದ ಕೂಡಿಸಿ, ಮೂರನೆಯ ಸಾಲನ್ನು ಬಲಕ್ಕೆ ಇಟ್ಟಿದ್ದಾನೆ. ನಡುವೆ ಕೆಲವು ಪದ್ಯಗಳಲ್ಲಿ ಒಂದೆರಡು ಪದದ ತುಂಡುಸಾಲು ಬಂದಾಗ ಅದು ಇನ್ನೂ ಬಲಕ್ಕೆ ಸರಿದು ಅಂಚಿಗೆ ಹೋಗಿ ನಿಲ್ಲುತ್ತದೆ. ನಮ್ಮ ಓಲೆಗರಿಗಳಲ್ಲಿ ಪದ್ಯದ ಪಾದಗಳನ್ನು ಸಾಲು ಮುರಿಯದೆ ಗರಿಯ ಉದ್ದಕ್ಕೂ ಬರೆದುಕೊಂಡು ಹೋಗುತ್ತಿದ್ದರು. ಪಾದ ಎಲ್ಲಿ ಮುಗಿಯಿತೆಂಬುದನ್ನು ಪ್ರಾಸವನ್ನೂ ಗಣವನ್ನೂ ಬಲ್ಲ ಕಿವಿ ಕಂಡುಕೊಳ್ಳುತ್ತಿತ್ತು. ಇಲ್ಲಿ ಅದಕ್ಕೆ ತೀರ ವಿರುದ್ಧ, ಛಂದಸ್ಸಿನ ಎಲುಬೆಲ್ಲ ಕಣ್ಣಿಗೆ ಬಿದ್ದಿದೆ. ಕಣ್ಣು ಎಡದಿಂದ ಬಲಕ್ಕೆ, ಬಲದಿಂದ ಅಂಚಿಗೆ, ಮತ್ತೆ ಎಡಕ್ಕೆ ಓಡಾಡಬೇಕು. ಹೇಳುವುದಕ್ಕೆ ವಿಷಯವೇ ಇಲ್ಲದ ಈ ಪದ್ಯ ಪ್ರಾಸದ ಹುರುಪಿನಿಂದ ಹೇಗೆ ಚದುರಿಹೋಗುತ್ತಿದೆ ಎಂಬುದು ಒಂದು ಪದವನ್ನೂ ಓದದೆ ತಿಳಿಯುತ್ತದೆ. ಕಥೆಯೂ ಸಣ್ಣದಾಗುತ್ತಾ ಹೋಗುತ್ತದೆ: ಮೊದಲ ಭಾಗದಲ್ಲಿ 18 ಪದ್ಯ, ಎರಡನೆಯದರಲ್ಲಿ 9, ಮೂರನೆಯದರಲ್ಲಿ ನಾಲ್ಕೂವರೆ. ಅಲ್ಲಿಗೆ ತಂಗುಮನೆಯ ಯಜಮಾನ ಸಾಕು ನಿಲ್ಲಿಸು ಎಂದು ಗದರಿಸುತ್ತಾನೆ, ಮತ್ತು ಅವನ ಮಾತಿನೊಂದಿಗೆ ಸಾಲುಗಳು ಮತ್ತೆ ಒಂದೇ ಕಂಬವಾಗಿ ನೆಟ್ಟಗೆ ನಿಲ್ಲುತ್ತವೆ. ಚದುರಿದ ಸಾಲುಗಳ ಜೋಡಣೆ ಹೆಂಗೂರ್ಟ್‌ನಲ್ಲೂ ಇದೆ. ಆದ್ದರಿಂದ ಇದು ಅಲಂಕಾರದ ಹಂಬಲಕ್ಕಾಗಿ ಎಲ್ಸ್‌ಮಿಯರ್‌ನವರು ಮಾಡಿದ್ದಲ್ಲ, ಈ ವಿನೋದವನ್ನು ಬಲ್ಲವರು ಮೊದಲಿನಿಂದಲೂ ಹೀಗೆಯೇ ಬರೆದರೆಂದು ಕಾಣುತ್ತದೆ.

ಎಲ್ಸ್‌ಮಿಯರ್‌ನವರ ಸ್ವಂತದ ಹೆಜ್ಜೆ ಇದರ ನಂತರ ಬರುತ್ತದೆ. ಚಾಸರನ ಚಿತ್ರ ಎಲ್ಲಿರಬೇಕು? ಬೇರೆಯವರದ್ದೆಲ್ಲ ಅವರವರ ಕಥೆಯ ಆರಂಭದಲ್ಲಿದ್ದರೆ ಇವನದ್ದು ‘ಸರ್ ಥೋಪಸ್’ನ ಆರಂಭದಲ್ಲಿರಬೇಕಿತ್ತು. ಅಲ್ಲಿಲ್ಲ. ಯಜಮಾನ ಗದರಿಸಿದ ಮೇಲೆ ಅವನು ಹೇಳುವ ಎರಡನೆಯ ಕಥೆ, ಸೇಡನ್ನು ಬಿಟ್ಟು ಕ್ಷಮೆಯನ್ನು ಆರಿಸಿಕೊಳ್ಳುವಂತೆ ಪ್ರೂಡೆನ್ಸ್ ಎಂಬ ಹೆಂಡತಿ ಗಂಡನಿಗೆ ಬುದ್ಧಿ ಹೇಳುವ ‘ಮೆಲಿಬಿ’ ಎಂಬ ಉದ್ದನೆಯ ಗದ್ಯದ ಪಕ್ಕದಲ್ಲಿದೆ. ಚಿತ್ರದಲ್ಲಿರುವವನು ನರೆತ ಗಡ್ಡದ, ಗಂಭೀರ ಮುಖದ, ಕೊರಳಿಗೆ ಲೇಖನಿಯ ಕೋಶ ತೂಗುಹಾಕಿಕೊಂಡ ಹಿರಿಯ. ದೇಹಕ್ಕೆ ಹೋಲಿಸಿದರೆ ಕುದುರೆ ತೀರ ಚಿಕ್ಕದು. ಅವನ ಕೈ ಪಠ್ಯದ ಕಡೆಗೆ ಬೊಟ್ಟು ಮಾಡಿದೆ. ಕಾವ್ಯದೊಳಗೆ ಯಜಮಾನ ವರ್ಣಿಸುವ ಚಾಸರನೇ ಬೇರೆ: ಮೊಲ ಹುಡುಕುವವನ ಹಾಗೆ ಸದಾ ನೆಲ ನೋಡಿಕೊಂಡಿರುವ, ಗುಂಡಗಿನ, ಯಾರೊಂದಿಗೂ ಬೆರೆಯದ ಮನುಷ್ಯ. ಕವಿ ತನ್ನನ್ನು ಹೀಗೆ ಸಣ್ಣದಾಗಿ ಚಿತ್ರಿಸಿಕೊಂಡ, ಪುಸ್ತಕ ಮಾಡಿದವರು ಅವನನ್ನು ಗುರುವಿನ ಪೀಠದಲ್ಲಿ ಕೂರಿಸಿದರು. ಥಾಮಸ್ ಹಾಕ್ಲೀವ್ ಎಂಬ ಕಿರಿಯ ಸಮಕಾಲೀನ ಕವಿಯ ಕೃತಿಯೊಂದರ ಹಸ್ತಪ್ರತಿಯಲ್ಲೂ ಇದೇ ಹೋಲಿಕೆಯ, ಇದೇ ಭಂಗಿಯ ಚಾಸರ್ ಇದ್ದಾನೆ. ತೀರಿಕೊಂಡ ಹತ್ತು ಹದಿನೈದು ವರ್ಷಗಳಲ್ಲೇ ಅವನನ್ನು ಇಂಗ್ಲಿಷ್ ಕಾವ್ಯದ ಹಿರಿಯನನ್ನಾಗಿ ಮಾಡುವ ಕೆಲಸ ಶುರುವಾಗಿತ್ತು, ಮತ್ತು ಅದರಲ್ಲಿ ಬಣ್ಣದ ಕುಂಚಕ್ಕೂ ಪಾಲಿತ್ತು. ನನಗೆ ನೆಲ ನೋಡುವ ಚಾಸರನೇ ಹೆಚ್ಚು ಪ್ರಿಯ. ಆದರೆ ‘ಮೆಲಿಬಿ’ಯನ್ನು ಗಂಭೀರವಾಗಿ ಓದಬೇಕೆಂದು ಕಲಿಸುವುದು ಈ ಚಿತ್ರವೇ.

ಯಾರ ಮುಖ ಯಾವ ಕಥೆಯ ಪಕ್ಕದಲ್ಲಿದೆ ಎಂಬುದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ವರ್ತಕ ಮತ್ತು ಫ್ರ್ಯಾಂಕ್ಲಿನ್ ಎಂಬ ಜಮೀನುದಾರ ಸಾಕ್ಷಿ. ಯುವಯೋಧನ ಕಥೆಯನ್ನು ನಡುವೆ ತಡೆದು ಒಬ್ಬ ಯಾತ್ರಿಕ ಅವನ ಸಂಸ್ಕಾರವನ್ನು ಹೊಗಳುತ್ತಾನೆ. ತನ್ನ ಮಗನೂ ಇದ್ದಾನೆ, ಪಗಡೆಯಾಡಿ ದುಡ್ಡು ಕಳೆಯುತ್ತಾನೆ, ನಿನ್ನಂಥವನಿಂದ ದೊಡ್ಡ ಮನೆತನದ ನಡತೆ ಕಲಿಯಬಾರದೇ ಎಂದು ಕೊರಗುತ್ತಾನೆ. ಎಲ್ಸ್‌ಮಿಯರ್‌ನಲ್ಲಿ ಈ ಮಾತು ಫ್ರ್ಯಾಂಕ್ಲಿನ್‌ನದು. ಅವನು ಜಮೀನುಳ್ಳವನು, ಊಟೋಪಚಾರದಲ್ಲಿ ಧಾರಾಳಿ, ಆದರೆ ಕುಲೀನನಲ್ಲ. ಮುಂದೆ ಅವನು ಹೇಳುವ ಕಥೆಯೂ ಔದಾರ್ಯದಲ್ಲಿ ಯಾರು ಮೇಲು ಎಂಬ ಪ್ರಶ್ನೆಯಲ್ಲಿ ಕೊನೆಗೊಳ್ಳುತ್ತದೆ. ಅವನ ಕೊರಗು, ಅವನ ಕಥೆ, ಅವನ ಅಂತಸ್ತು ಮೂರೂ ಒಂದೇ ಎಳೆಯಲ್ಲಿ ಸೇರುತ್ತವೆ. ಹೆಂಗೂರ್ಟ್‌ನಲ್ಲಿ ಅದೇ ಸಾಲುಗಳು ವರ್ತಕನ ಬಾಯಲ್ಲಿವೆ, ಅವುಗಳ ಬೆನ್ನಿಗೇ ಬರುವುದು ಮುದುಕನನ್ನು ಮದುವೆಯಾದ ಚಿಕ್ಕ ಹೆಂಡತಿಯ ಮೋಸದ, ಕಹಿ ತುಂಬಿದ ಕಥೆ. ಆಗ ಕೊರಗು ಬೇರೆಯದೇ ಆಗುತ್ತದೆ, ದುಡ್ಡಿನ ಲೆಕ್ಕದವನ, ಮನೆಯೊಳಗೆ ಸುಖವಿಲ್ಲದವನ ಕೊರಗು. ಈ ಸಾಲುಗಳು ಹೆಂಗೂರ್ಟ್ ಬರೆಯುವಾಗ ಲಿಪಿಕಾರನ ಕೈಗೆ ತಡವಾಗಿ ಸಿಕ್ಕವೆಂದು ವಿದ್ವಾಂಸರು ಊಹಿಸುತ್ತಾರೆ, ಛಂದಸ್ಸೂ ಎಲ್ಸ್‌ಮಿಯರ್‌ನ ಪಾಠವನ್ನೇ ಬೆಂಬಲಿಸುತ್ತದೆ. ಆದರೂ ಆ ಕಾಲದಲ್ಲಿ ಹೆಂಗೂರ್ಟ್ ಕೈಗೆ ಬಂದ ಓದುಗನಿಗೆ ಅದೇ ಚಾಸರ್.

ಮುಗಿಯದ ಕಥೆಗಳ ವಿಷಯದಲ್ಲೂ ಹೀಗೆಯೇ. ಅಡುಗೆಯವನ ಕಥೆ 58 ಸಾಲಿಗೆ ನಿಂತುಬಿಡುತ್ತದೆ. ಇದಕ್ಕಿಂತ ಹೆಚ್ಚು ಚಾಸರ್ ಬರೆಯಲಿಲ್ಲ ಎಂದು ಹೆಂಗೂರ್ಟ್‌ನ ಲಿಪಿಕಾರ ಅಲ್ಲೇ ಬರೆದು ತಿಳಿಸುತ್ತಾನೆ. ಎಲ್ಸ್‌ಮಿಯರ್‌ನಲ್ಲಿ ಆ ಟಿಪ್ಪಣಿಯಿಲ್ಲ. ಸುಮಾರು 25 ಹಸ್ತಪ್ರತಿಗಳಲ್ಲಿ ಆ ತೆರವನ್ನು ಗ್ಯಾಮೆಲಿನ್ ಎಂಬವನ ಕಥೆಯಿಂದ ತುಂಬಿದ್ದಾರೆ, ಅದು ಚಾಸರನದಲ್ಲ. ಇನ್ನು, ರಸವಾದಿಯ ಸೇವಕ ದಾರಿಯ ಮಧ್ಯೆ ಓಡಿಬಂದು ಗುಂಪು ಸೇರಿ ಹೇಳುವ ಕಥೆ ಹೆಂಗೂರ್ಟ್‌ನಲ್ಲಿ ಇಲ್ಲವೇ ಇಲ್ಲ, ಆ ಕಾರಣಕ್ಕೆ ಅದು ಚಾಸರನದೇ ಹೌದೋ ಅಲ್ಲವೋ ಎಂದು ಸಂಶಯಪಟ್ಟವರೂ ಇದ್ದಾರೆ. ಎಲ್ಸ್‌ಮಿಯರ್‌ನಲ್ಲಿ ಅವನಿಗೂ ಒಂದು ಕುದುರೆ, ಒಂದು ಮುಖ, ಒಂದು ಶೀರ್ಷಿಕೆ ಸಿಕ್ಕಿವೆ. ಓದುಗನಿಗೆ ಸಂಶಯಪಡಲು ಎಡೆಯೇ ಉಳಿದಿಲ್ಲ.

ಯಾತ್ರಿಕರ ಚಿತ್ರಗಳಿದ್ದ ಇನ್ನೊಂದು ದೊಡ್ಡ ಪ್ರತಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಹಾಳೆಗಳನ್ನು ಯಾರೋ ಕತ್ತರಿಸಿ ಒಯ್ದಿರುವುದರಿಂದ ಅದರಲ್ಲಿ ಈಗ ಉಳಿದಿರುವುದು ಆರು ಯಾತ್ರಿಕರು ಮಾತ್ರ. ಆದರೆ ಅದರ ಚಿತ್ರಕಾರ ಯಾತ್ರಿಕರೊಂದಿಗೆ ನಿಲ್ಲಲಿಲ್ಲ. ಕೊನೆಯಲ್ಲಿ ಪಾದ್ರಿ ಪಾಪಗಳನ್ನೂ ಅವಕ್ಕೆ ಮದ್ದಾದ ಪುಣ್ಯಗಳನ್ನೂ ವಿವರಿಸುವ ಗದ್ಯಕ್ಕೆ ಅಸೂಯೆ ಮತ್ತು ಪ್ರೀತಿ, ಹೊಟ್ಟೆಬಾಕತನ ಮತ್ತು ಮಿತಾಹಾರ ಎಂದು ಜೋಡಿ ಮೂರ್ತಿಗಳನ್ನು ಬರೆದ. ಆ ಪುಸ್ತಕದಲ್ಲಿ ಪಯಣವೆಲ್ಲ ಪಶ್ಚಾತ್ತಾಪದ ಕಡೆಗೆ ಸಾಗುತ್ತದೆ. ಎಲ್ಸ್‌ಮಿಯರ್‌ನಲ್ಲಿ ಅದೇ ಗದ್ಯದ ಪಕ್ಕದಲ್ಲಿರುವುದು ಪಾದ್ರಿ ಎಂಬ ಮನುಷ್ಯ, ಉಳಿದವರಂತೆ ತನ್ನ ಕಥೆ ಹೇಳಲು ಬಂದವನು.

ಮುದ್ರಣದ ಕಾಲದಲ್ಲಿ ಗೆದ್ದದ್ದು ಎಲ್ಸ್‌ಮಿಯರ್. ಇಂದು ಕಾಲೇಜುಗಳಲ್ಲಿ ಬಳಸುವ ಬಹುತೇಕ ಆವೃತ್ತಿಗಳು ಕಥೆಗಳನ್ನು ಅದರ ಕ್ರಮದಲ್ಲೇ ಇಡುತ್ತವೆ. ಕ್ರಮವನ್ನು ಉಳಿಸಿಕೊಂಡು ಪುಟವನ್ನು ಕೈಬಿಟ್ಟದ್ದು ನನಗೆ ದೊಡ್ಡ ನಷ್ಟವೆನಿಸುತ್ತದೆ. ಯಾತ್ರಿಕರ ಚಿತ್ರಗಳು ಬಂದರೆ ಮುಖಪುಟಕ್ಕೆ ಬರುತ್ತವೆ, ಕಥೆಯ ಬಾಗಿಲಿಗೆ ಬರುವುದಿಲ್ಲ. ‘ಸರ್ ಥೋಪಸ್’ ಒಂದೇ ಕಂಬದಲ್ಲಿ ಅಚ್ಚಾಗುತ್ತದೆ. ಅದರ ಕೆಟ್ಟತನವನ್ನು ಅಡಿಟಿಪ್ಪಣಿ ವಿವರಿಸಬೇಕಾಗುತ್ತದೆ. ಆಲಿಸನ್‌ಳ ಪಕ್ಕದಲ್ಲಿ ಅವಳಷ್ಟೇ ಎತ್ತರಕ್ಕೆ ನಿಂತಿದ್ದ ಜೆರೋಮ್ ಪುಸ್ತಕದ ಹಿಂಬದಿಯ ಸಣ್ಣಚ್ಚಿಗೆ ಸರಿದಿದ್ದಾನೆ. ಅವಳಿಗೆ ಎದುರಾಡುವವರಿಲ್ಲದ್ದರಿಂದ ಇಂದಿನ ವಿದ್ಯಾರ್ಥಿಗೆ ಅವಳ ಗೆಲುವು ಸುಲಭವಾಗಿ ಕಾಣುತ್ತದೆ. ತೊಗಲಿನ ಪುಟದಲ್ಲಿ ಅವಳು ಸಾಲುಸಾಲಿಗೂ ಅವನೊಂದಿಗೆ ಜಗ್ಗಾಡಿ ಗೆಲ್ಲಬೇಕಿತ್ತು.